ಉಮಿ, ಹೊಗೆ, ಒಡೆದ ಇಟ್ಟಿಗೆ



ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕನ್ನು ಹೊತ್ತೊಯ್ಯುವ ದೊಡ್ಡ ಕೊಳಗವೊಂದಿರುತ್ತದೆ. ಅದನ್ನು ಲೇಡಲ್ ಎನ್ನುತ್ತಾರೆ. ಹೊರಗೆ ಉಕ್ಕಿನ ಚಿಪ್ಪು, ಒಳಗೆ ಸುತ್ತಲೂ ಕಪ್ಪು ಇಟ್ಟಿಗೆಯ ಗೋಡೆ. ಸುಮಾರು 1600 ಡಿಗ್ರಿ ಸೆಲ್ಸಿಯಸ್ ಕಾವಿನ ಲೋಹ ಅದರೊಳಗೆ ತುಂಬುತ್ತದೆ, ಬರಿದಾಗುತ್ತದೆ, ಮತ್ತೆ ತುಂಬುತ್ತದೆ. ನೂರರ ಆಸುಪಾಸು ಸಲ ಹೀಗೆ ತುಂಬಿ ಬರಿದಾಗುವ ಹೊತ್ತಿಗೆ ಮುಕ್ಕಾಲು ಗೇಣು ದಪ್ಪವಿದ್ದ ಇಟ್ಟಿಗೆ ನಾಲ್ಕು ಬೆರಳಿಗೆ ಇಳಿದಿರುತ್ತದೆ. ಆಗ ಕ್ರೇನು ಆ ಲೇಡಲನ್ನು ಎತ್ತಿ ತಂದು ಅಂಗಳದಲ್ಲಿ ಮಲಗಿಸುತ್ತದೆ. ಆರಿದ ಮೇಲೆ ಯಂತ್ರದ ಚಾಣ ಒಳಗಿನ ಗೋಡೆಯನ್ನು ಕೆಡವುತ್ತದೆ. ಧೂಳು, ಸದ್ದು, ಕಪ್ಪು ಚೂರುಗಳ ಒಂದು ರಾಶಿ. ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ಆ ರಾಶಿಯನ್ನು ಲಾರಿಗೆ ತುಂಬಿ ಕಾರ್ಖಾನೆಯ ಹಿಂದಿನ ಬಯಲಿಗೆ ಸುರಿದು ಬರುತ್ತಿದ್ದರು. ಆ ಜಾಗಕ್ಕೆ ನಾವೆಲ್ಲ 'ಡಂಪು' ಅನ್ನುತ್ತಿದ್ದೆವು.

ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಡಂಪಿನ ಬಗ್ಗೆ. ಕಾರ್ಖಾನೆ ಕಸವೆಂದು ಹೊರಹಾಕಿದ್ದನ್ನೇ ಕುಲುಮೆಯ ಬೆಂಕಿ ತಡೆಯುವ ಸಾಮಗ್ರಿಯಾಗಿ ಮಾಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ.

ಮೊದಲ ಪಾಠ ಹೇಳಿದವರು ಒಬ್ಬ ಇಟ್ಟಿಗೆ ಮೇಸ್ತ್ರಿ. ಹೊಸಪೇಟೆ ಕಡೆಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಕೆಡವಿದ ರಾಶಿಯಿಂದ ಒಂದು ಚೂರು ಆರಿಸಿ ಸುತ್ತಿಗೆಯಿಂದ ಎರಡು ಹೋಳು ಮಾಡಿ ನನ್ನ ಕೈಗೆ ಕೊಟ್ಟು, "ಸಾಹೇಬ್ರ, ಒಡದು ನೋಡ್ರಿ, ಇಟ್ಟಿಗಿ ಏನು ಉಂಡೈತಿ ಅನ್ನೋದು ಅದರ ಹೊಟ್ಯಾಗ ಬರದಿರತೈತಿ" ಅಂದಿದ್ದರು. ನೋಡಿದೆ. ಲೋಹಕ್ಕೆ ಮುಖ ಮಾಡಿದ್ದ ಕಡೆ ಗಾಜಿನಂತೆ ಹೊಳೆಯುವ ಕಿಟ್ಟದ ತೆಳು ಪದರ. ಅದರ ಹಿಂದೆ ಅರ್ಧ ಬೆರಳಿನಷ್ಟು ಬೂದು ಪಟ್ಟಿ. ಅಲ್ಲಿ ಇಟ್ಟಿಗೆಯೊಳಗಿನ ಇಂಗಾಲ ಸುಟ್ಟು ಹೋಗಿತ್ತು. ಅದಕ್ಕೂ ಹಿಂದೆ, ಹೊಸದರಲ್ಲಿ ಹೇಗಿತ್ತೋ ಹಾಗೆಯೇ, ಕಾಡಿಗೆಯಷ್ಟು ಕಪ್ಪಾದ ಗಟ್ಟಿ ಭಾಗ. ಕೆಟ್ಟದ್ದು ಒಂದು ಬೆರಳಿನಷ್ಟು, ಒಳ್ಳೆಯದು ಮೂರು ಬೆರಳಿನಷ್ಟು. ಎರಡನ್ನೂ ಒಂದೇ ಲಾರಿಯಲ್ಲಿ ಹಾಕಿ ನಾವು ಬಯಲಿಗೆ ಸಾಗಿಸುತ್ತಿದ್ದೆವು.

ಆ ಕಪ್ಪು ಇಟ್ಟಿಗೆ ಯಾವುದರದ್ದು ಅಂತ ಹೇಳಬೇಕು. ಮ್ಯಾಗ್ನೀಷಿಯಾ ಮತ್ತು ಗ್ರಾಫೈಟ್ ಬೆರೆಸಿ ಒತ್ತಿ ಮಾಡಿದ್ದು. ಕಾರ್ಖಾನೆಯವರ ಬಾಯಲ್ಲಿ 'ಮ್ಯಾಗ್‌ಕಾರ್ಬನ್'. ಮ್ಯಾಗ್ನೀಷಿಯಾ ಕರಗಬೇಕಾದರೆ 2800 ಡಿಗ್ರಿ ಕಾವು ಬೇಕು. ಆದರೆ ಕಾವು ತಡೆದುಕೊಂಡರೆ ಸಾಲದು. ಕರಗಿದ ಉಕ್ಕಿನ ಮೇಲೆ ತೇಲುವ ಕಿಟ್ಟ ಇದೆಯಲ್ಲ, ನಾವು ಸ್ಲ್ಯಾಗ್ ಅನ್ನುತ್ತೇವೆ, ಅದು ಕಾವಿಗಿಂತ ದೊಡ್ಡ ಶತ್ರು. ಸಣ್ಣ ಸಣ್ಣ ರಂಧ್ರಗಳಲ್ಲಿ ನುಸುಳಿ ಇಟ್ಟಿಗೆಯನ್ನು ಒಳಗಿಂದ ಕರಗಿಸುತ್ತದೆ. ಗ್ರಾಫೈಟ್ ಅದನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಹೇಗೆ ಅಂಟದೆ ಉರುಳುತ್ತದೋ ಹಾಗೆ ಕಿಟ್ಟ ಗ್ರಾಫೈಟಿಗೆ ಅಂಟುವುದಿಲ್ಲ.

ಈ ಕಪ್ಪು ಇಟ್ಟಿಗೆಯ ಉಪಾಯ ಹೊಸದು ಎಂದೇ ನಾನು ಬಹಳ ವರ್ಷ ನಂಬಿದ್ದೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಮೂಸೆಗಳ ವಿಚಾರ ಓದಿದ ಮೇಲೆ ಆ ನಂಬಿಕೆ ಬಿಟ್ಟೆ.

ಮೂಸೆ ಅಂದರೆ ಲೋಹ ಕರಗಿಸುವ ಮಣ್ಣಿನ ಕುಡಿಕೆ. ನಮ್ಮ ಅಕ್ಕಸಾಲಿಗರ ಮನೆಯಲ್ಲಿ ಚಿನ್ನಕ್ಕೆ ಇರುವುದು ಅಂಗೈಯಗಲದ್ದು. ಘಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕನ್ನೇ ತಯಾರಿಸುತ್ತಿದ್ದರು. ನಮ್ಮ 'ಉಕ್ಕು' ಎಂಬ ಮಾತೇ ಪಶ್ಚಿಮದವರ ಬಾಯಲ್ಲಿ 'ವೂಟ್ಜ್' ಆಯಿತು ಎಂದು ವಿದ್ವಾಂಸರು ಹೇಳುತ್ತಾರಲ್ಲ, ಆ ಉಕ್ಕು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದ ಉಕ್ಕಿನ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ, ಇಷ್ಟನ್ನು ಮೂಸೆಯೊಳಗಿಟ್ಟು ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಗೂಡಿನಲ್ಲಿ ಸಾಲಾಗಿ ಜೋಡಿಸಿ ತಿದಿ ಒತ್ತುತ್ತಿದ್ದರು.

ನನಗೆ ಉಕ್ಕಿಗಿಂತ ಮೂಸೆಯದೇ ಬೆರಗು. ಊರಿನ ಸಾಮಾನ್ಯ ಜೇಡಿಮಣ್ಣು ಆ ಕಾವಿಗೆ ಮೆತ್ತಗಾಗಿ ಕುಸಿದುಹೋಗಬೇಕು. ಅದು ಕುಸಿಯದಂತೆ ಅವರು ಮಣ್ಣಿಗೆ ಬೆರೆಸಿದ್ದು ಭತ್ತದ ಉಮಿಯನ್ನು. ಬರಿ ಉಮಿಯನ್ನೂ ಅಲ್ಲ, ಕರಿಕಾಗುವಂತೆ ಸುಟ್ಟ ಉಮಿಯನ್ನು, ಅದೂ ಧಾರಾಳವಾಗಿ. ಉಮಿಯಲ್ಲಿ ಸಿಲಿಕಾ ಇದೆ, ಅಂದರೆ ಮರಳಿನಲ್ಲಿರುವುದೇ. ಸುಟ್ಟಾಗ ಅದು ಸಣ್ಣ ಸಣ್ಣ ಅಸ್ಥಿಪಂಜರದಂತೆ ಉಳಿದು ಮಣ್ಣನ್ನು ಒಳಗಿಂದ ಹಿಡಿದುಕೊಳ್ಳುತ್ತದೆ. ಜತೆಗೆ ಉಮಿಯ ಇಂಗಾಲ. ಮುಚ್ಚಿದ ಗೂಡಿನಲ್ಲಿ ಗಾಳಿ ತಾಗದೆ ಅದು ಸುಡದೆ ಉಳಿದು, ಕಿಟ್ಟವನ್ನೂ ಲೋಹವನ್ನೂ ದೂರ ಇಡುತ್ತದೆ. ದಕ್ಷಿಣ ಭಾರತದ ಹಳೆಯ ಮೂಸೆಗಳ ಒಡಕುಗಳನ್ನು ಇವತ್ತು ಸೂಕ್ಷ್ಮದರ್ಶಕದಡಿ ಇಟ್ಟರೆ, ಭತ್ತದ ಸಿಪ್ಪೆಯ ಗೆರೆಗೆರೆ ಮೈ ಇನ್ನೂ ಕಾಣುತ್ತದೆ. ನಮ್ಮ ಮ್ಯಾಗ್‌ಕಾರ್ಬನ್ ಇಟ್ಟಿಗೆಯ ತತ್ವ ಇದೇ ತಾನೆ? ಒಂದು ಗಟ್ಟಿ ಎಲುಬು, ಒಂದು ಕಪ್ಪು ಕಾವಲು. ಆ ಮೂಸೆ ಮಾಡಿದ ಕೈಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾನು ಅವರನ್ನು ನನ್ನ ವೃತ್ತಿಯ ಹಿರಿಯರೆಂದೇ ಎಣಿಸುತ್ತೇನೆ.

ಆ ಉಮಿ ಈಗ ಎಲ್ಲಿದೆ? ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದೆ ಹೋಗಿ ನೋಡಿ. ಒಂದು ಟನ್ ಭತ್ತ, ಅಂದರೆ 75 ಕೆ.ಜಿ.ಯ ಹದಿಮೂರು ಚೀಲ ಚಿಲ್ಲರೆ, ಗಿರಣಿಗೆ ಬಿದ್ದರೆ ಸುಮಾರು 200 ಕೆ.ಜಿ. ಉಮಿ ಬರುತ್ತದೆ. ಅದನ್ನು ಗಿರಣಿಯವರು ಬಾಯ್ಲರಿಗೆ ಹಾಕುತ್ತಾರೆ. ಉರಿದ ಮೇಲೆ 40 ಕೆ.ಜಿ.ಯಷ್ಟು ಬೂದಿ ಉಳಿಯುತ್ತದೆ. ಹಗುರ ಬೂದಿ, ಗಾಳಿ ಬೀಸಿದರೆ ಒಣಗಲು ಹಾಕಿದ ಬಟ್ಟೆಯ ಮೇಲೆ, ಕಾಲುವೆಯ ನೀರಿನ ಮೇಲೆ, ಮಕ್ಕಳ ಕಣ್ಣಿನಲ್ಲಿ. ಗಿರಣಿ ಊರುಗಳವರಿಗೆ ಈ ಕಷ್ಟವನ್ನು ನಾನು ವಿವರಿಸಬೇಕಾಗಿಲ್ಲ.

ಚೆನ್ನಾಗಿ ಉರಿದ ಉಮಿಯ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ. ಉಕ್ಕನ್ನು ಎರಕ ಹೊಯ್ಯುವ ಕಡೆ ಲೇಡಲ್ಲಿಗೂ ಅಚ್ಚಿಗೂ ನಡುವೆ ಟಂಡಿಶ್ ಎಂಬ ಉದ್ದನೆಯ ತೊಟ್ಟಿ ಇರುತ್ತದೆ. ಅಲ್ಲಿ ಉಕ್ಕು ಬಾಯ್ತೆರೆದು ನಿಂತಿರುತ್ತದೆ. ಕಾವು ಮೇಲಿನಿಂದ ಹಾರಿಹೋಗುತ್ತದೆ. ಕಾವು ಸ್ವಲ್ಪ ತಗ್ಗಿದರೆ ಸಾಕು, ಕೆಳಗಿನ ತೂತಿನಲ್ಲಿ ಉಕ್ಕು ಹೆಪ್ಪುಗಟ್ಟಿ ಎರಕವೇ ನಿಂತುಹೋಗುತ್ತದೆ. ಆ ಬಾಯಿಗೆ ಹೊದಿಸುವುದು ಈ ಬೂದಿಯನ್ನು. ಚೀಲ ಚೀಲವೇ ಎಸೆಯುತ್ತಾರೆ. ಕಣ್ಣು ಕುಕ್ಕುವ ಬಿಳಿ ಹೊಳಪು ಕ್ಷಣದಲ್ಲಿ ಮುಚ್ಚಿ, ಮೇಲೆ ಬೂದು ಕಂಬಳಿ ಹಾಸಿದಂತಾಗುತ್ತದೆ. ಕೆಳಗೆ 1550 ಡಿಗ್ರಿಯ ಲೋಹ, ಮೇಲೆ ಮನುಷ್ಯ ನಿಂತು ನೋಡಬಹುದಾದಷ್ಟು ತಂಪು. ಸಿಪ್ಪೆಯೊಳಗೆ ಭತ್ತದ ಗಿಡ ಕಟ್ಟಿದ್ದ ಸಾವಿರಾರು ಸಣ್ಣ ಗೂಡುಗಳು ಬೂದಿಯಾದರೂ ಹಾಗೇ ಉಳಿದಿರುತ್ತವೆ. ಅವುಗಳಲ್ಲಿ ನಿಂತ ಗಾಳಿಯೇ ಕಾವನ್ನು ತಡೆಯುವುದು. ಹಳ್ಳಿಯಲ್ಲಿ ಕೆಂಡವನ್ನು ಬೆಳಗಿನವರೆಗೆ ಉಳಿಸಿಕೊಳ್ಳಲು ಬೂದಿ ಮುಚ್ಚಿಡುತ್ತಿದ್ದ ನಮ್ಮ ಅಜ್ಜಿಯಂದಿರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು.

ಎಲ್ಲ ಉಕ್ಕಿಗೂ ಇದು ಒಪ್ಪುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಹಾಕಿ ಶುದ್ಧಗೊಳಿಸಿದ ಉಕ್ಕು ಈ ಸಿಲಿಕಾದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಅದರಿಂದ ಹುಟ್ಟುವ ಸೂಕ್ಷ್ಮ ಕಣಗಳು ಉಕ್ಕಿನೊಳಗೆ ಕಲ್ಲಿನಂತೆ ಉಳಿಯುತ್ತವೆ. ಅಂಥ ಉಕ್ಕಿಗೆ ಬೇರೆ ಪುಡಿಯನ್ನು ಮೊದಲು ಹಾಸಿ, ಮೇಲೆ ಮಾತ್ರ ಬೂದಿ ಹಾಕಬೇಕು.

ಇನ್ನೊಂದು ಮಾತು ಹೆಚ್ಚು ಗಂಭೀರವಾದದ್ದು. ಉಮಿಯನ್ನು ಹದವಾದ ಬೆಂಕಿಯಲ್ಲಿ ಸುಟ್ಟರೆ ಅದರ ಸಿಲಿಕಾ ಹರಳುಗಟ್ಟದೆ ಉಳಿಯುತ್ತದೆ. ಬಾಯ್ಲರಿನಲ್ಲಿ ಉರಿ ಅಂಕೆ ಮೀರಿದರೆ ಹರಳುಗಟ್ಟುತ್ತದೆ. ಆ ಹರಳಿನ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ, ಸಿಲಿಕೋಸಿಸ್ ತರುತ್ತದೆ. ಕೋಲಾರದ ಚಿನ್ನದ ಗಣಿಯ ಮನೆಗಳಿಗೆ ಆ ಕೆಮ್ಮಿನ ಪರಿಚಯವಿದೆ. ಚೀಲ ಎಸೆಯುವ ಹುಡುಗನಿಗೆ ಮೂಗಿಗೆ ಕಟ್ಟಿಕೊಳ್ಳಲು ಕರವಸ್ತ್ರ ಸಾಲದು, ಸರಿಯಾದ ಮಾಸ್ಕ್ ಬೇಕು. ಬೂದಿಯನ್ನು ಗುಳಿಗೆಗಳಾಗಿ ಉಂಡೆಕಟ್ಟಿ ತಂದರೆ ಧೂಳೇ ಏಳುವುದಿಲ್ಲ. ಬೆಲೆ ಸ್ವಲ್ಪ ಹೆಚ್ಚಾಗುತ್ತದೆ ಎಂದು ಹಿಂದೆಗೆಯುವವರನ್ನು ಕಂಡಿದ್ದೇನೆ. ಕಸವನ್ನು ಉಪಯೋಗಿಸಿ ಉಳಿಸಿದ ಹಣವನ್ನು ಒಬ್ಬ ಕಾರ್ಮಿಕನ ಎದೆಯಿಂದ ತೆಗೆಯಬಾರದು ಎಂದು ಆಗಲೂ ವಾದಿಸಿದೆ, ಈಗಲೂ ಅದನ್ನೇ ಹೇಳುತ್ತೇನೆ.

ಉಮಿಯ ಮಾತಾಯಿತು. ಹೊಗೆಯದೂ ಒಂದು ಕತೆ ಇದೆ.

ಫೆರೋಸಿಲಿಕಾನ್ ಎಂಬ ಮಿಶ್ರಲೋಹವನ್ನು ಉಕ್ಕಿಗೆ ಬೆರೆಸುತ್ತಾರೆ. ನಮ್ಮ ಭದ್ರಾವತಿಯಲ್ಲೂ ಅದು ತಯಾರಾಗುತ್ತಿತ್ತು. ಅದರ ವಿದ್ಯುತ್ ಕುಲುಮೆಯಿಂದ ದಟ್ಟ ಹೊಗೆ ಏಳುತ್ತದೆ. ನಾರ್ವೆ ದೇಶದಲ್ಲಿ ಇಂಥ ಕುಲುಮೆಗಳು ಬಹಳ. 1970ರ ದಶಕದಲ್ಲಿ ಅಲ್ಲಿ ಹೊಗೆಯನ್ನು ಗಾಳಿಗೆ ಬಿಡಬಾರದೆಂದು ಕಟ್ಟುನಿಟ್ಟಾಯಿತು. ಚೀಲದ ಸೋಸುಗಳನ್ನು ಕಟ್ಟಿದರು. ಸೋಸಿನಲ್ಲಿ ಬೆಟ್ಟದಷ್ಟು ಬೂದುಪುಡಿ ಸಿಕ್ಕಿತು. ಏನು ಮಾಡುವುದು ಇದನ್ನು ಎಂಬುದೇ ಚಿಂತೆಯಾಯಿತು. ಪುಡಿ ಅಂದರೆ ಎಷ್ಟು ನುಣುಪು? ಒಂದು ಕಿಲೋ ಪುಡಿಯ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಐದು ಎಕರೆ ಹೊಲ ಮುಚ್ಚುತ್ತದೆ. ಸಿಮೆಂಟಿನ ಕಣಕ್ಕಿಂತ ನೂರು ಪಟ್ಟು ಚಿಕ್ಕ ಗುಂಡುಗಳು. ಇದೇ ಮೈಕ್ರೋಸಿಲಿಕಾ.

ಕುಲುಮೆಗೆ ಇಟ್ಟಿಗೆಯ ಹಾಗೆಯೇ ಕಾಂಕ್ರೀಟನ್ನೂ ಬಳಸುತ್ತೇವೆ. ಕ್ಯಾಸ್ಟೆಬಲ್ ಎಂದು ಹೆಸರು. ಬೆಂಕಿ ತಡೆಯುವ ಜಲ್ಲಿ, ವಿಶೇಷ ಸಿಮೆಂಟು, ನೀರು ಕಲಸಿ ಎರಕ ಹೊಯ್ಯುವುದು. ಹಿಂದೆ ಇದಕ್ಕೆ ನೂರಕ್ಕೆ ಹದಿನೈದು ಇಪ್ಪತ್ತು ಪಾಲು ಸಿಮೆಂಟು ಬೇಕಿತ್ತು, ನೀರೂ ಬಹಳ. ಆ ನೀರು ಒಣಗಿ ಹೋದ ಕಡೆಯೆಲ್ಲ ರಂಧ್ರ. ಸಿಮೆಂಟಿನ ಸುಣ್ಣದಂಶದಿಂದ ಹೆಚ್ಚು ಕಾವಿಗೆ ಮೆತ್ತಗಾಗುವ ಕಾಟ. ಜಲ್ಲಿಕಲ್ಲಿನ ಸಂದುಗಳಲ್ಲಿ ನೀರು ನಿಲ್ಲುತ್ತಿದ್ದ ಜಾಗಕ್ಕೆ ಈ ಹೊಗೆಪುಡಿಯ ಗುಂಡುಗಳನ್ನು ಕೂರಿಸಿದರೆ ನೀರು ಅರ್ಧಕ್ಕಿಳಿಯಿತು, ಸಿಮೆಂಟು ಐದು ಪಾಲಿಗೆ ಬಂತು, ಗೋಡೆ ಕಲ್ಲಿನಂತೆ ಗಟ್ಟಿಯಾಯಿತು. ಜಗತ್ತಿನ ಕುಲುಮೆಗಳ ಎರಕದ ಗೋಡೆಗಳ ರೀತಿಯೇ ಇದರಿಂದ ಬದಲಾಯಿತು. ಕಸವೆಂದು ಹಿಡಿದಿಟ್ಟ ಪುಡಿಗೆ ಈಗ ಟನ್ ಲೆಕ್ಕದಲ್ಲಿ ಒಳ್ಳೆಯ ಬೆಲೆ. ಆದರೆ ಗಟ್ಟಿ ಗೋಡೆಗೆ ಅದರದೇ ಅಪಾಯ. ರಂಧ್ರವಿಲ್ಲದ್ದರಿಂದ ಮೊದಲ ಸಲ ಕಾಯಿಸುವಾಗ ಒಳಗಿನ ಆವಿ ಹೊರಬರಲು ದಾರಿ ಇರುವುದಿಲ್ಲ. ಅವಸರ ಮಾಡಿದರೆ ಗೋಡೆ ಸಿಡಿಯುತ್ತದೆ. ಅದಕ್ಕೆ ಕೂದಲೆಳೆಯಂಥ ಪ್ಲಾಸ್ಟಿಕ್ ನಾರನ್ನು ಬೆರೆಸುತ್ತೇವೆ. ಅದು ಕರಗಿಹೋದ ಜಾಗದಲ್ಲಿ ಆವಿ ದಾರಿ ಮಾಡಿಕೊಳ್ಳುತ್ತದೆ.

ಮತ್ತೆ ನಮ್ಮ ಕಪ್ಪು ಇಟ್ಟಿಗೆಗೆ ಬರೋಣ. ಮೂರು ಬೆರಳಿನಷ್ಟು ಒಳ್ಳೆಯ ಮ್ಯಾಗ್ನೀಷಿಯಾವನ್ನು ಬಯಲಿಗೆ ಎಸೆಯುವುದು ಎಂಥ ನಷ್ಟ ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಮ್ಯಾಗ್ನಸೈಟ್ ಕಲ್ಲನ್ನು ಸುಟ್ಟಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಒಂದು ಟನ್ ಮ್ಯಾಗ್ನೀಷಿಯಾ ಪಡೆಯಲು ಕಲ್ಲಿನಿಂದಲೇ ಒಂದು ಟನ್ನಿಗೂ ಮೀರಿ ಆ ಅನಿಲ ಬಿಡುತ್ತೇವೆ. ಸುಡುವ ಇಂಧನದ್ದು ಬೇರೆ. ಒಡೆದ ಇಟ್ಟಿಗೆಯ ಮ್ಯಾಗ್ನೀಷಿಯಾ ಆ ಸುಂಕವನ್ನು ಒಮ್ಮೆ ಕಟ್ಟಿ ಬಂದಿದೆ. ನಮ್ಮಲ್ಲಿ ಮ್ಯಾಗ್ನಸೈಟ್ ಇಲ್ಲವೆಂದಲ್ಲ. ಮೈಸೂರಿನ ಬಳಿ ದೊಡ್ಡಕಾನ್ಯದಲ್ಲಿದೆ, ಸೇಲಂನಲ್ಲಿದೆ, ಅಲ್ಮೋಡದ ಕಡೆ ಇದೆ. ಆದರೆ ಉತ್ತಮ ದರ್ಜೆಯದ್ದಕ್ಕೆ ಚೀನಾದ ಕಡೆ ನೋಡುತ್ತಾ ಕುಳಿತಿದ್ದೆವು. 2017ರಲ್ಲಿ ಚೀನಾ ಪರಿಸರದ ಕಾರಣಕ್ಕೆ ತನ್ನ ಗಣಿ, ಗೂಡುಗಳ ಮೇಲೆ ಬಿಗಿ ಹಿಡಿದಾಗ ಬೆಲೆ ಗಗನಕ್ಕೇರಿತು. ಆ ವರ್ಷ ಡಂಪಿನ ಕಡೆ ಎಲ್ಲರ ಕಣ್ಣೂ ತಿರುಗಿತು.

ಅದಕ್ಕೂ ಬಹಳ ಮೊದಲೇ ನಾನು ಅದಕ್ಕೆ ಕೈಹಾಕಿ ಪೆಟ್ಟು ತಿಂದಿದ್ದೆ. ಒಂದು ಸಣ್ಣ ಇಟ್ಟಿಗೆ ಕಾರ್ಖಾನೆಯಲ್ಲಿ ಆರಿಸಿದ ಚೂರುಗಳನ್ನು ಪುಡಿಮಾಡಿಸಿ, ಹೊಸ ಮ್ಯಾಗ್ನೀಷಿಯಾ ಜತೆ ಬೆರೆಸಿ, ಒಂದು ಲಾರಿಯಷ್ಟು ಇಟ್ಟಿಗೆ ಮಾಡಿಸಿದೆ. ಪರೀಕ್ಷೆಯಲ್ಲಿ ಒಳ್ಳೆಯ ಫಲಿತಾಂಶ. ಟಾರ್ಪಾಲು ಹೊದಿಸಿ ಶೆಡ್ಡಿನಲ್ಲಿ ಇಡಿಸಿದೆ. ಜುಲೈ ತಿಂಗಳು, ಜಡಿಮಳೆ. ಎರಡು ವಾರದ ಮೇಲೆ ಟಾರ್ಪಾಲು ಎತ್ತಿದಾಗ ಮೂಗಿಗೆ ಹೊಡೆದದ್ದು ಅಮೋನಿಯಾ ವಾಸನೆ. ಇಟ್ಟಿಗೆಗಳ ಮೂಲೆಗಳಲ್ಲಿ ಬಿರುಕು, ಬಿರುಕಿನಲ್ಲಿ ಬಿಳಿ ಪುಡಿ. ಕೈಯಲ್ಲಿ ಒತ್ತಿದರೆ ಅಂಚು ಉದುರುತ್ತಿತ್ತು. ಒಂದು ದಿನವೂ ಬೆಂಕಿ ಕಾಣದ ಇಟ್ಟಿಗೆ ಗಾಳಿಯ ತೇವಕ್ಕೇ ಸತ್ತಿತ್ತು.

ಆಮೇಲೆ ತಿಳಿಯಿತು. ಗ್ರಾಫೈಟ್ ಸುಡದಿರಲಿ ಎಂದು ಈ ಇಟ್ಟಿಗೆಗೆ ಸ್ವಲ್ಪ ಅಲ್ಯೂಮಿನಿಯಂ ಪುಡಿ ಹಾಕಿರುತ್ತಾರೆ. ಕುಲುಮೆಯ ಕಾವಿನಲ್ಲಿ ಅದು ಇಂಗಾಲ, ಸಾರಜನಕಗಳ ಜತೆ ಸೇರಿ ಕಾರ್ಬೈಡ್, ನೈಟ್ರೈಡ್ ಆಗಿಬಿಡುತ್ತದೆ. ಬಿಸಿಯಾಗಿರುವಾಗ ಅದರಿಂದ ಒಳ್ಳೆಯದೇ. ತಣ್ಣಗಾಗಿ ತೇವ ತಗುಲಿತೋ, ಕಾರ್ಬೈಡ್ ನೀರನ್ನು ಹೀರಿ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ನೈಟ್ರೈಡಿನಿಂದ ಅಮೋನಿಯಾ ಏಳುತ್ತದೆ. ಹಾಗಾಗಿ ಅದನ್ನು ಇಟ್ಟಿಗೆ ಮಾಡುವ ಮೊದಲೇ ಉಬ್ಬಿಸಿ ಮುಗಿಸಬೇಕು. ಪುಡಿಮಾಡಿದ ಚೂರಿಗೆ ದಿನಗಟ್ಟಲೆ ಆವಿ ಕೊಡಬೇಕು, ಒಣಗಿಸಬೇಕು, ಬಿಳಿ ಪುಡಿಯನ್ನು ಜರಡಿ ಹಿಡಿದು ತೆಗೆಯಬೇಕು, ಆಮೇಲೆ ಬೆರೆಸಬೇಕು. ಈಗ ಈ ಕೆಲಸ ಮಾಡುವವರೆಲ್ಲ ಈ ಕ್ರಮವನ್ನೇ ಅನುಸರಿಸುತ್ತಾರೆ. ಅಂಥ ಇಟ್ಟಿಗೆಯನ್ನು ಕಡಿಮೆ ಸವೆಯುವ ಜಾಗಕ್ಕೆ, ಹಿಂದಿನ ಕಾವಲುಗೋಡೆಗೆ ಹಾಕುತ್ತಾರೆ. ಇನ್ನೂ ಕೆಳದರ್ಜೆಯ ಚೂರನ್ನು ಕುಲುಮೆಯೊಳಗೆ ಕಿಟ್ಟಕ್ಕೇ ಹಾಕುವುದುಂಟು. ಕಿಟ್ಟಕ್ಕೆ ಮೊದಲೇ ಮ್ಯಾಗ್ನೀಷಿಯಾ ಉಣಿಸಿಬಿಟ್ಟರೆ ಗೋಡೆಯನ್ನು ತಿನ್ನುವ ಹಸಿವು ಅದಕ್ಕೆ ಇಳಿಯುತ್ತದೆ.

ಎಲ್ಲ ಕಸವನ್ನೂ ಕುಲುಮೆಗೆ ತರಬಹುದೇ ಎಂದು ಕಾಲೇಜಿನ ಮಕ್ಕಳು ಕೇಳುತ್ತಾರೆ. ಇಲ್ಲ. ಕಬ್ಬಿಣದ ಆಕ್ಸೈಡು, ಸೋಡಾ, ಈ ಎರಡು ಇದ್ದ ಕಡೆ ಇಟ್ಟಿಗೆ ಬೇಗ ಕರಗುತ್ತದೆ. ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹಾರುಬೂದಿಯಲ್ಲಿ ಕಬ್ಬಿಣದ ಅಂಶವಿದೆ; ಅದು ಲೋಹದ ಮುಖಕ್ಕೆ ಬೇಡ, ಹಿಂದಿನ ಕಾವುತಡೆ ಪದರಕ್ಕೆ ಸರಿ. ಬೂದಿ ಹೊಂಡದ ನೀರಿನ ಮೇಲೆ ತೇಲುವ ಟೊಳ್ಳು ಗುಂಡುಗಳಂತೂ ಆ ಪದರಕ್ಕೆ ಬಹಳ ಒಳ್ಳೆಯವು. ಬೆಳಗಾವಿಯಂಥ ಅಲ್ಯೂಮಿನಾ ಕಾರ್ಖಾನೆಗಳ ಕೆಂಪು ಕೆಸರಿನಲ್ಲಿ ಎರಡೂ ಶತ್ರುಗಳಿವೆ. ಅದು ಸಿಮೆಂಟಿನ ಕಡೆ ಹೋಗುವುದೇ ಲೇಸು. ಕ್ರೋಮ್ ಇರುವ ಹಳೆಯ ಇಟ್ಟಿಗೆಯ ವಿಷಯದಲ್ಲಿ ಮಾತ್ರ ಕೈಮುಗಿದು ಹೇಳುತ್ತೇನೆ: ಮಳೆಗೆ ಬಿಡಬೇಡಿ. ಕ್ಷಾರದ ಜತೆ ಕಾದ ಕ್ರೋಮ್ ವಿಷದ ರೂಪಕ್ಕೆ ತಿರುಗಿ ನೀರಿನಲ್ಲಿ ಹಳದಿಯಾಗಿ ಇಳಿಯುತ್ತದೆ. ಪಕ್ಕದ ಬಾವಿಯವರು ಅದನ್ನು ಕುಡಿಯಬೇಕಾಗುತ್ತದೆ.

ಇಷ್ಟು ವರ್ಷ ಕೆಲಸ ಮಾಡಿ ನಾನು ಕಲಿತದ್ದು ಪ್ರಯೋಗಾಲಯದಲ್ಲಿ ಕಡಿಮೆ, ಕೆಡವುವ ಅಂಗಳದಲ್ಲಿ ಹೆಚ್ಚು. ಲೇಡಲ್ ಕೆಡವಿದ ಮೊದಲ ಗಂಟೆಯಲ್ಲೇ ಎಲ್ಲ ತೀರ್ಮಾನವಾಗಿಬಿಡುತ್ತದೆ. ಕಪ್ಪು ಇಟ್ಟಿಗೆ, ಹಿಂದಿನ ಅಲ್ಯೂಮಿನಾ ಇಟ್ಟಿಗೆ, ಕಿಟ್ಟ, ಉಕ್ಕಿನ ಗಂಟು, ಎಲ್ಲವೂ ಒಂದೇ ರಾಶಿಗೆ ಬಿದ್ದು ಜೆಸಿಬಿಯ ಬಕೆಟ್ಟು ಒಮ್ಮೆ ಅದನ್ನು ಕದಡಿತೋ, ಆಮೇಲೆ ಯಾವ ಯಂತ್ರದಿಂದ ಬೇರ್ಪಡಿಸಿದರೂ ಖರ್ಚು ಹುಟ್ಟುವುದಿಲ್ಲ. ಅದೇ ಪದರ ಪದರವಾಗಿ ಕೆಡವಿ ಆಗಲೇ ಬೇರೆ ಬೇರೆ ಇಟ್ಟರೆ ಅದು ಕಚ್ಚಾಮಾಲು. ಆರಿಸುವವರು ಹೆಚ್ಚಾಗಿ ಗುತ್ತಿಗೆ ಕೆಲಸದವರು. ಕೈಯಲ್ಲಿ ಎತ್ತಿದ ಭಾರದಿಂದ, ಒಡೆದ ಮುಖದ ಬಣ್ಣದಿಂದ, ಸುತ್ತಿಗೆ ತಾಗಿದ ಸದ್ದಿನಿಂದ ಅವರು ಇಟ್ಟಿಗೆಯ ಜಾತಿ ಹೇಳಬಲ್ಲರು. ಲಕ್ಷಾಂತರ ರೂಪಾಯಿಯ ಸಾಮಗ್ರಿ ಉಳಿಯುವುದು ಆ ಕೈಗಳಿಂದ. ಅವರ ಕೂಲಿಯನ್ನು ಮಾತ್ರ ಕಸ ಎತ್ತುವ ಲೆಕ್ಕದಲ್ಲಿ ಬರೆಯುತ್ತಾರೆ. ಅದನ್ನು ಕುಶಲ ಕೆಲಸವೆಂದು ಬರೆಯಬೇಕು.

ನಮ್ಮ ಮೇಸ್ತ್ರಿ ನಿವೃತ್ತರಾಗುವ ಮುಂಚೆ ಆ ಅಂಗಳದಲ್ಲಿ ಮೂರು ಕಟ್ಟೆ ಕಟ್ಟಿಸಿದರು. ಒಂದಕ್ಕೆ ಕರಿ ಬಣ್ಣ, ಒಂದಕ್ಕೆ ಹಳದಿ, ಒಂದಕ್ಕೆ ಕೆಂಪು. ಓದು ಬಾರದ ಹುಡುಗರಿಗೂ ತಪ್ಪಾಗದಿರಲಿ ಎಂದು ಕಟ್ಟೆಯ ಗೋಡೆಗೆ ಆಯಾ ಜಾತಿಯ ಇಟ್ಟಿಗೆಯ ಒಂದೊಂದು ಹೋಳನ್ನು, ಒಡೆದ ಮುಖ ಹೊರಗೆ ಕಾಣುವಂತೆ, ಗಾರೆಯಲ್ಲಿ ಕೂರಿಸಿದರು. ಮೇಲೆ ತಗಡಿನ ಮಾಡು ಹಾಕಿಸಿದ್ದೂ ಅವರೇ, ಮಳೆ ತಾಗದಿರಲಿ ಎಂದು. ಕರಿ ಕಟ್ಟೆ ತುಂಬಿದ ದಿನ ಹೊರಡುವ ಲಾರಿ ಈಗ ಬಯಲಿನ ಕಡೆ ತಿರುಗುವುದಿಲ್ಲ. ತೂಕದ ಸೇತುವೆ ದಾಟಿ ಇಟ್ಟಿಗೆ ಕಾರ್ಖಾನೆಯ ರಸ್ತೆ ಹಿಡಿಯುತ್ತದೆ.